ಮಲ್ಕನ ಕಿವಿ, ನನ್ನ ಹೆಗಲು

ಭಾನುವಾರದ ಬಲಿಪೂಜೆಯಲ್ಲಿ ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹಾಡುವಾಗ ನಮ್ಮ ಧರ್ಮಕೇಂದ್ರದಲ್ಲಿ ಎಲ್ಲರೂ ಎರಡೂ ಕೈಗಳನ್ನು ಮೇಲೆತ್ತುವ ರೂಢಿಯಿದೆ. ನಿಮ್ಮಲ್ಲಿಯೂ ಇರಬಹುದು. ನೀವು ಎಂದಾದರೂ ನಮ್ಮ ದೇವಾಲಯಕ್ಕೆ ಬಂದು ಹಿಂದಿನ ಸಾಲಿನಲ್ಲಿ ನಿಂತರೆ, ಮುಂದೆ ನಿಂತ ಮುದುಕನೊಬ್ಬನ ಎಡಗೈ ತಲೆಯ ಮಟ್ಟಕ್ಕೆ ಏರಿ, ಬಲಗೈ ಅದಕ್ಕಿಂತ ಒಂದು ಗೇಣು ಕೆಳಗೇ ಉಳಿದಿರುವುದನ್ನು ಕಾಣುವಿರಿ. ಆ ಮುದುಕ ನಾನೇ. ಆ ಒಂದು ಗೇಣಿನ ಅಂತರಕ್ಕೆ ಒಂದು ಕಥೆಯಿದೆ. ಅದು ನನ್ನೊಬ್ಬನ ಕಥೆಯಾಗಿದ್ದರೆ ನಿಮ್ಮ ಮುಂದಿಡುವ ಅಗತ್ಯವಿರಲಿಲ್ಲ. ನಿಮ್ಮ ಮನೆಯ ಮಗುವಿಗೋ ವೃದ್ಧರಿಗೋ ನಾಳೆ ಅದು ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

2017ರ ಬೇಸಿಗೆಯಲ್ಲಿ ನನ್ನ ಕುತ್ತಿಗೆಯ ಬಲಭಾಗದಲ್ಲಿ ಅಡಿಕೆ ಗಾತ್ರದ ಗಂಟೊಂದು ಕಾಣಿಸಿಕೊಂಡಿತು. ನೋವಿರಲಿಲ್ಲ. ಆದರೆ ಸಂಜೆಯಾದರೆ ಸಣ್ಣಗೆ ಜ್ವರ ಬರುತ್ತಿತ್ತು, ಊಟ ಸೇರುತ್ತಿರಲಿಲ್ಲ, ಮೈ ಇಳಿಯುತ್ತಿತ್ತು. ಸೂಜಿಯಿಂದ ಗಂಟಿನ ಅಂಶವನ್ನು ಹೀರಿ ಮಾಡಿದ ಪರೀಕ್ಷೆಯಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಆದ್ದರಿಂದ ಜೂನ್ ತಿಂಗಳಲ್ಲಿ ಪಟ್ಟಣದ ಶಸ್ತ್ರವೈದ್ಯರೊಬ್ಬರು ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಗಂಟನ್ನು ಬಿಡಿಸಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದರು. ಅರ್ಧ ಗಂಟೆಯ ಕೆಲಸ. ಬಂದ ಉತ್ತರ ಕ್ಷಯ. ಆರು ತಿಂಗಳ ಕಾಲ ಸರ್ಕಾರದ ಉಚಿತ ಮಾತ್ರೆಗಳನ್ನು ತಪ್ಪದೆ ನುಂಗಿದೆ, ರೋಗ ಪೂರ್ಣವಾಗಿ ಗುಣವಾಯಿತು. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಆ ಶಸ್ತ್ರಚಿಕಿತ್ಸೆ ಅಗತ್ಯವಾಗಿತ್ತು. ಅದನ್ನು ಮಾಡಿದವರು ನನ್ನ ಕಾಯಿಲೆಗೆ ಹೆಸರು ಕೊಟ್ಟು ನನ್ನನ್ನು ಉಳಿಸಿದರು. ಮುಂದೆ ನಾನು ಬರೆಯುವುದೆಲ್ಲವನ್ನೂ ಈ ಮಾತಿನ ಜೊತೆಗೇ ಓದಬೇಕೆಂದು ನಿಮ್ಮಲ್ಲಿ ಪ್ರಾರ್ಥಿಸುತ್ತೇನೆ.

ಹೊಲಿಗೆ ಬಿಚ್ಚುವ ದಿನವೇ ಬಲ ಹೆಗಲಿನಲ್ಲಿ ಭಾರ ಹೇರಿದಂತಹ ನೋವಿತ್ತು. ಅಂಗಿ ತೊಡುವಾಗ ಕೈ ಮೇಲೇರುತ್ತಿರಲಿಲ್ಲ. "ಒಳಗೆ ಊತ ಇರುತ್ತೆ ಮೇಷ್ಟ್ರೇ, ತಾನಾಗೇ ಸರಿಹೋಗುತ್ತೆ" ಎಂದರು ವೈದ್ಯರು. ಎರಡು ತಿಂಗಳ ನಂತರ ಮತ್ತೆ ಹೋದೆ. ಅವರು ಹೆಗಲನ್ನು ಮುಟ್ಟಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ವಯಸ್ಸಾದವರಿಗೆ ಭುಜ ಹಿಡಿದುಕೊಳ್ಳುವುದು ಸಹಜ" ಎಂದು ನೋವಿನ ಮಾತ್ರೆ ಬರೆದುಕೊಟ್ಟರು. ಅಕ್ಟೋಬರಿನಲ್ಲಿ ಹೋದಾಗಲೂ ಅದೇ ಉತ್ತರ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸಿದ ನಾನು, ವೈದ್ಯರ ಮೇಜಿನ ಈಚೆ ಕುಳಿತಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎದುರು ಮಾತಾಡಿದರೆ ಅಗೌರವವಾದೀತೆಂದು ಅಂಜಿದೆ.

ನವೆಂಬರಿನ ಒಂದು ಬೆಳಿಗ್ಗೆ ಸ್ನಾನದ ನಂತರ ನನ್ನ ಬೆನ್ನು ಒರೆಸುತ್ತಿದ್ದ ಪತ್ನಿ ಕೈ ತಡೆದಳು. "ರೀ, ನಿಮ್ಮ ಬಲಗಡೆ ಹೆಗಲು ಇಳಿದುಬಿಟ್ಟಿದೆ. ಕುತ್ತಿಗೆಯ ಪಕ್ಕ ಗುಳಿ ಬಿದ್ದಿದೆ. ಬೆನ್ನಿನ ರೆಕ್ಕೆಯ ಎಲುಬು ಹೊರಗೆ ಎದ್ದು ನಿಂತಿದೆಯಲ್ಲಾ!" ಎಂದಳು. ಹಿಂದಿನಿಂದ ನೋಡುವವರಿಗೆ ಅಷ್ಟು ಸ್ಪಷ್ಟವಾಗಿದ್ದುದು ಕನ್ನಡಿಯ ಮುಂದೆ ನಿಲ್ಲುತ್ತಿದ್ದ ನನಗೆ ಕಂಡೇ ಇರಲಿಲ್ಲ. ನಮ್ಮ ಗುರುಗಳ ಸಲಹೆಯಂತೆ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದೆವು.

ಅಲ್ಲಿಯ ವೈದ್ಯೆ ಅಂಗಿ ತೆಗೆಸಿ, ಹಿಂದೆ ನಿಂತು ಎರಡೂ ಹೆಗಲುಗಳನ್ನು ಹೋಲಿಸಿ ನೋಡಿದರು. ಹೆಗಲು ಕುಣಿಸಲು ಹೇಳಿದರು. ಎಡ ಹೆಗಲು ಏರಿತು, ಬಲ ಹೆಗಲು ಅಲುಗಲಿಲ್ಲ. ಆಮೇಲೆ ಸ್ನಾಯುವಿನೊಳಕ್ಕೆ ಸಣ್ಣ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇ.ಎಂ.ಜಿ. ಪರೀಕ್ಷೆ ನಡೆಯಿತು. ನಾನು ಎಷ್ಟು ಪ್ರಯತ್ನಪಟ್ಟರೂ ಬೆನ್ನಿನ ಆ ದೊಡ್ಡ ಸ್ನಾಯುವಿಗೆ ನರದ ಆಜ್ಞೆ ತಲುಪುತ್ತಿರಲಿಲ್ಲ. ಮಿದುಳಿನ ಬುಡದಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಹನ್ನೊಂದನೆಯದು ಕುತ್ತಿಗೆಯ ಪಕ್ಕದಲ್ಲಿ, ಚರ್ಮದಿಂದ ಹೆಚ್ಚು ಆಳವಿಲ್ಲದೆ, ಗ್ರಂಥಿಗಳ ನಡುವೆಯೇ ನುಸುಳಿ ಹೆಗಲನ್ನು ಎತ್ತಿಹಿಡಿಯುವ ಸ್ನಾಯುವನ್ನು ಸೇರುತ್ತದೆ. ದಪ್ಪ ನೂಲಿನಷ್ಟೇ ಗಾತ್ರ. ಆ ಜಾಗದ ಗಂಟನ್ನು ತೆಗೆಯುವಾಗ ಅದಕ್ಕೆ ಪೆಟ್ಟಾಗುವ ಸಂಭವ ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಈ ನರಕ್ಕೆ ಆಗುವ ಗಾಯಗಳಲ್ಲಿ ಹೆಚ್ಚಿನವು ಇಂತಹ ಶಸ್ತ್ರಚಿಕಿತ್ಸೆಯಿಂದಲೇ ಆಗುತ್ತವೆ ಎಂದು ಆಕೆ ತಿಳಿಸಿದರು.

"ಎಷ್ಟು ತಿಂಗಳಾಯಿತು?" ಎಂದು ಕೇಳಿದರು. ಆರು ತಿಂಗಳು ಎಂದೆ. ಆಕೆ ಬರೆಯುವುದನ್ನು ನಿಲ್ಲಿಸಿದರು. ಆ ಮೌನದ ಅರ್ಥ ನನಗೆ ಅಂದು ತಿಳಿಯಲಿಲ್ಲ. ಅದನ್ನು ನಿಮಗೆ ವಿವರಿಸಬೇಕು, ಏಕೆಂದರೆ ಈ ಬರಹದ ತಿರುಳು ಅಲ್ಲಿಯೇ ಇದೆ.

1850ರಲ್ಲಿ ಅಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯ ಕಪ್ಪೆಯ ನಾಲಗೆಗೆ ಹೋಗುವ ನರಗಳನ್ನು ಕತ್ತರಿಸಿ, ಏನಾಗುವುದೆಂದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ. ಮೂಲಕ್ಕೆ ಅಂಟಿಕೊಂಡ ಭಾಗ ಉಳಿಯಿತು, ಮೂಲದಿಂದ ಬೇರ್ಪಟ್ಟ ಭಾಗ ನಶಿಸಿತು. ಬಳ್ಳಿಯಲ್ಲಿ ನೆಲೆಗೊಳ್ಳದ ಕವಲು ಒಣಗುವುದೆಂಬ ಪ್ರಭುವಿನ ಮಾತು ನಮ್ಮ ನರಗಳ ವಿಷಯದಲ್ಲಿಯೂ ನಿಜವೇ. ಆದರೆ ಉಳಿದ ಮೂಲ ಸುಮ್ಮನಿರುವುದಿಲ್ಲ. ತುದಿಗೆ ಜೋಡಣೆ ದೊರೆತರೆ ಅದು ಹಳೆಯ ದಾರಿಯನ್ನೇ ಹಿಡಿದು ಮತ್ತೆ ಚಿಗುರುತ್ತದೆ. ಅದರ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳಿಗೆ ಹೆಬ್ಬೆರಳಿನ ಅಗಲದಷ್ಟು.

ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಅನೇಕರಿಗೆ ಚಿಕಿತ್ಸೆ ನೀಡಿದ ಹರ್ಬರ್ಟ್ ಸೆಡನ್ ಎಂಬ ಶಸ್ತ್ರವೈದ್ಯ 1943ರಲ್ಲಿ ನರದ ಗಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದ. ಮೊದಲನೆಯದರಲ್ಲಿ ನರ ಮೂರ್ಛೆ ಹೋದಂತಿರುತ್ತದೆ, ಕೆಲವು ವಾರಗಳಲ್ಲಿ ತಾನೇ ಎಚ್ಚರಗೊಳ್ಳುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆಗಳು ಕಡಿದಿದ್ದರೂ ಹೊರಕವಚ ಉಳಿದಿರುವುದರಿಂದ ಎಳೆಗಳು ನಿಧಾನವಾಗಿ ಬೆಳೆದು ಬರುತ್ತವೆ. ಮೂರನೆಯದರಲ್ಲಿ ನರ ಪೂರ್ತಿ ತುಂಡಾಗಿರುತ್ತದೆ, ಯಾರಾದರೂ ಜೋಡಿಸದ ಹೊರತು ಅದು ಗುರಿ ಮುಟ್ಟುವುದಿಲ್ಲ. ಮೊದಲ ದಿನ ಹೊರಗಿನಿಂದ ನೋಡಿದರೆ ಮೂರೂ ಒಂದೇ ತೆರನಾಗಿ ಕಾಣಬಹುದು. ಆದ್ದರಿಂದ "ಕಾದು ನೋಡೋಣ" ಎನ್ನುವುದು ಯಾವಾಗಲೂ ತಪ್ಪಲ್ಲ. ಆದರೆ ದಿನ ಎಣಿಸುತ್ತಾ, ಪರೀಕ್ಷೆ ಮಾಡಿಸುತ್ತಾ ಕಾಯುವುದು ಬೇರೆ, ಕಣ್ಣು ಮುಚ್ಚಿಕೊಂಡು ಕಾಯುವುದು ಬೇರೆ. ನರವೇನೋ ತಾಳ್ಮೆಯಿಂದ ಬೆಳೆಯುತ್ತದೆ, ಸ್ನಾಯುವಿಗೆ ಅಷ್ಟು ತಾಳ್ಮೆಯಿಲ್ಲ. ನರದ ಸಂಪರ್ಕ ಕಳೆದುಕೊಂಡ ಸ್ನಾಯು ಸೊರಗುತ್ತಾ ಹೋಗಿ, ಒಂದು ಒಂದೂವರೆ ವರ್ಷ ಕಳೆದರೆ ನರ ಬಂದು ಬಾಗಿಲು ತಟ್ಟಿದರೂ ಓಗೊಡದಂತಾಗುತ್ತದೆ. ನರ ತುಂಡಾಗಿದ್ದರೆ ಮೊದಲ ಮೂರು ತಿಂಗಳೊಳಗೆ ಜೋಡಿಸುವುದು ಉತ್ತಮ, ಆರು ತಿಂಗಳು ದಾಟಿದ ಮೇಲೆ ಫಲ ಕುಗ್ಗುತ್ತದೆ. ಆ ವೈದ್ಯೆಯ ಮೌನದ ಅರ್ಥ ಅದಾಗಿತ್ತು.

2018ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಹಳೆಯ ಗಾಯದ ಕಲೆಯೊಳಗೆ ನರದ ಮೇಲಿನ ತುದಿ ದಾರಿ ಕಾಣದ ಬೇರಿನಂತೆ ಗಂಟುಕಟ್ಟಿಕೊಂಡಿತ್ತು, ಕೆಳಗಿನ ತುದಿ ದೂರ ಸರಿದಿತ್ತು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ನಡುವೆ ಉಳಿದ ತೆರವು ನಾಲ್ಕು ಸೆಂಟಿಮೀಟರ್. ಎರಡು ತುದಿಗಳನ್ನು ಬಲವಂತದಿಂದ ಎಳೆದು ಕಟ್ಟಿದರೆ ಆ ಬಿಗಿತವೇ ಜೋಡಣೆಯನ್ನು ಕೆಡಿಸುತ್ತದೆ. ಬಿಗಿತವಿಲ್ಲದಂತೆ ನಡುವೆ ಬೇರೊಂದು ನರದ ತುಂಡನ್ನು ಸೇತುವೆಯಾಗಿ ಇಡುವ ಸೂಕ್ಷ್ಮ ವಿಧಾನವನ್ನು ವಿಯೆನ್ನಾದ ಹಾನ್ನೊ ಮಿಲೆಸಿ 1970ರ ದಶಕದಲ್ಲಿ ಬಳಕೆಗೆ ತಂದ. ನನಗೂ ಹಾಗೆಯೇ ಮಾಡಿದರು. ಮೀನಖಂಡದ ಹಿಂದೆ ಹಾದುಹೋಗುವ, ಸ್ಪರ್ಶಜ್ಞಾನಕ್ಕಷ್ಟೇ ಬೇಕಾದ ನರವೊಂದರಿಂದ ಒಂದು ತುಂಡನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಹೊಲಿದರು. ಆ ತುಂಡು ತಾನಾಗಿ ಯಾವ ಸುದ್ದಿಯನ್ನೂ ಒಯ್ಯುವುದಿಲ್ಲ. ಬೆಳೆದು ಬರುವ ಎಳೆಗಳಿಗೆ ದಾರಿಯಾಗುತ್ತದೆ, ಅಷ್ಟೆ. ಅದನ್ನು ಕೊಟ್ಟ ನನ್ನ ಪಾದದ ಹೊರ ಅಂಚು ಇಂದಿಗೂ ಜೋಮು ಹಿಡಿದಂತಿದೆ.

ಪ್ರಿಯ ಓದುಗರೇ, ಆ ದಿನಗಳಲ್ಲಿ ನನ್ನ ಹೆಗಲಿಗಿಂತ ಹೆಚ್ಚು ಕೆಟ್ಟಿದ್ದುದು ನನ್ನ ಮನಸ್ಸು. ಹಾಸಿಗೆಯಲ್ಲಿ ಮಲಗಿ, ಕಳೆದುಹೋದ ಏಳು ತಿಂಗಳನ್ನು ಎಣಿಸುತ್ತಿದ್ದೆ. ವಕೀಲನಾದ ನನ್ನ ತಂಗಿಯ ಮಗ ಬಂದು, "ಬಿಡಬೇಡಿ ಮಾವ, ಗ್ರಾಹಕರ ವೇದಿಕೆಗೆ ಹೋಗೋಣ" ಎಂದ. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುತ್ತದೆಂದು 1995ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿರುವುದನ್ನೂ ವಿವರಿಸಿದ. ಅವನು ಹೇಳಿದ್ದು ತಪ್ಪಲ್ಲ. ನ್ಯಾಯ ಕೇಳುವುದು ಪಾಪವಲ್ಲ, ಕ್ಷಮೆಯೆಂದರೆ ಸತ್ಯವನ್ನು ಹೂತುಹಾಕುವುದೂ ಅಲ್ಲ. ಆದರೆ ನನಗೆ ಬೇಕಾಗಿದ್ದುದು ನ್ಯಾಯವಾಗಿರಲಿಲ್ಲ. ಆ ವೈದ್ಯರು ಊರೆದುರು ತಲೆ ತಗ್ಗಿಸಿ ನಿಲ್ಲುವುದನ್ನು ನಾನು ನೋಡಬೇಕಾಗಿತ್ತು.

ಅದೇ ಮನಸ್ಸಿನಲ್ಲಿ ತಪಸ್ಸುಕಾಲ ಬಂತು. ಪಾಪನಿವೇದನೆಗೆ ಸಿದ್ಧನಾಗಲು ದೇವಾಲಯದಲ್ಲಿ ಮೊಣಕಾಲೂರಿ ಆತ್ಮಶೋಧನೆ ಮಾಡಿಕೊಳ್ಳುತ್ತಿದ್ದಾಗ, ಹತ್ತೊಂಬತ್ತು ವರ್ಷಗಳ ಹಿಂದಿನ ಒಂದು ಮುಖ ಕಣ್ಣ ಮುಂದೆ ಬಂದು ನಿಂತಿತು.

1991ರಲ್ಲಿ ಎಂಟನೇ ತರಗತಿಗೆ ಸೇರಿದ ಹುಡುಗನೊಬ್ಬನ ಜನ್ಮದಿನಾಂಕವನ್ನು ದಾಖಲಾತಿ ಪುಸ್ತಕಕ್ಕೆ ಬರೆದವನು ನಾನು. 1978 ಎಂದಿರಬೇಕಾದಲ್ಲಿ ನನ್ನ ಕೈ 1977 ಎಂದು ಬರೆದಿತ್ತು. ಅದೇ ತಾರೀಖು ಅವನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೂ ಹೋಯಿತು. 1999ರಲ್ಲಿ ಅವನು ಸೇನಾ ಭರ್ತಿಗೆ ಹೋದಾಗ ವಯೋಮಿತಿ ಮೀರಿದೆಯೆಂದು ಹಿಂದಕ್ಕೆ ಕಳುಹಿಸಿದರು. ನನ್ನ ಬಳಿಗೆ ಓಡಿಬಂದ. ನಾನು ಬೀರು ತೆರೆದು ಅವನ ಹಳೆಯ ವರ್ಗಾವಣೆ ಪತ್ರವನ್ನು ನೋಡಿದೆ. ತಪ್ಪು ನನ್ನದೇ ಎಂದು ತಿಳಿಯಿತು. ಬೀರು ಮುಚ್ಚಿ, "ನಿಮ್ಮಪ್ಪ ಹೇಳಿದ ತಾರೀಖೇ ಇದು" ಎಂದು ಹೇಳಿ ಕಳುಹಿಸಿದೆ. ಅವನ ತಂದೆ ತೋಟದ ಕೂಲಿ, ಓದುಬರಹ ತಿಳಿಯದವನು. ತಪ್ಪನ್ನು ಅಂದೇ ಒಪ್ಪಿಕೊಂಡು ತಿದ್ದುಪಡಿಗೆ ಓಡಾಡಿದ್ದರೆ ಅವನ ದಾರಿ ಬೇರೆಯಾಗಬಹುದಾಗಿತ್ತು. ಹೆಸರಿಗೆ ಕಳಂಕ ಬಂದೀತೆಂದು ಅಂಜಿದೆ.

ಪಾಪನಿವೇದನೆಯಲ್ಲಿ ಎಲ್ಲವನ್ನೂ ಹೇಳಿದೆ. ಗುರುಗಳು ಕೊಟ್ಟ ಪ್ರಾಯಶ್ಚಿತ್ತ ಒಂದೇ: ಹೋಗಿ ಅವನಿಗೆ ಹೇಳುವುದು. ಕುತ್ತಿಗೆಯ ಗಾಯ ಇನ್ನೂ ಹಸಿಯಾಗಿದ್ದಾಗಲೇ ಬಸ್ಸು ಹತ್ತಿ ಅವನನ್ನು ಹುಡುಕಿಕೊಂಡು ಹೋದೆ. ನಲವತ್ತು ತುಂಬಿದ ಗೃಹಸ್ಥ, ಸಣ್ಣ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ. ನನಗೆ ಕುರ್ಚಿ ಹಾಕಿ ಕಾಫಿ ತರಿಸಿದ. ನಾನು ಹೇಳಬೇಕಾದುದನ್ನು ಹೇಳಿ ಮುಗಿಸಿದೆ. ಅವನು ಬಹಳ ಹೊತ್ತು ತಕ್ಕಡಿಯನ್ನೇ ನೋಡುತ್ತಿದ್ದು, "ಇಷ್ಟು ವರ್ಷ ನಾನು ನಮ್ಮಪ್ಪನನ್ನೇ ಬೈಕೊಂಡಿದ್ದೆ, ಸಾರ್. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ನನ್ನ ಕೈತಪ್ಪು ಅವನ ಉದ್ಯೋಗವನ್ನು ಕಿತ್ತುಕೊಂಡಿತ್ತು. ನನ್ನ ಮೌನ ಒಬ್ಬ ತಂದೆ ಮಗನ ನಡುವಿನ ನರವನ್ನೇ ಕಡಿದಿತ್ತು. ಅದನ್ನು ಜೋಡಿಸುವ ಕಾಲ ಮೀರಿಹೋಗಿತ್ತು.

ಆ ವರ್ಷದ ಪವಿತ್ರ ವಾರದಲ್ಲಿ ಪ್ರಭುವಿನ ಯಾತನೆಯ ವಾಚನವನ್ನು ಕೇಳುವಾಗ ನನ್ನ ಕಿವಿ ಒಂದೆಡೆ ನಿಂತುಬಿಟ್ಟಿತು. ಬಂಧಿಸಲು ಬಂದವರ ಮೇಲೆ ಶಿಷ್ಯನೊಬ್ಬ ಕತ್ತಿ ಬೀಸಿ, ಪ್ರಧಾನ ಯಾಜಕನ ಆಳಿನ ಕಿವಿಯನ್ನು ಕತ್ತರಿಸುತ್ತಾನೆ. ಈ ಘಟನೆಯನ್ನು ನಾಲ್ವರು ಶುಭಸಂದೇಶಕಾರರೂ ಬರೆದಿದ್ದಾರೆ. ಆಳಿನ ಹೆಸರು ಮಲ್ಕ, ಕತ್ತಿ ಬೀಸಿದವನು ಪೇತ್ರ ಎಂದು ತಿಳಿಸುವವನು ಯೊವಾನ್ನನೊಬ್ಬನೇ. ಪ್ರಭು ಆ ಕಿವಿಯನ್ನು ಮುಟ್ಟಿ ವಾಸಿಮಾಡಿದರೆಂದು ಬರೆದವನು ಲೂಕನೊಬ್ಬನೇ, ಸಂಪ್ರದಾಯದ ಪ್ರಕಾರ ವೈದ್ಯನಾದ ಲೂಕ. ಪೇತ್ರನ ಉದ್ದೇಶ ಕೆಟ್ಟದಾಗಿರಲಿಲ್ಲ, ತನ್ನ ಗುರುವನ್ನು ಕಾಪಾಡಲೆಂದೇ ಅವನು ಕತ್ತಿ ಹಿರಿದ. ಆದರೆ ಉದ್ದೇಶ ಒಳ್ಳೆಯದಿತ್ತೆಂದು ಪ್ರಭು ಗಾಯವನ್ನು ಕಡೆಗಣಿಸಲಿಲ್ಲ. ಆಮೇಲೆ ನೋಡೋಣ ಎನ್ನಲಿಲ್ಲ. ಇನ್ನು ಕೆಲವೇ ಕ್ಷಣಗಳಲ್ಲಿ ಕಟ್ಟಲ್ಪಡಲಿದ್ದ ಕೈಯನ್ನು ಚಾಚಿ, ತನ್ನವನೇ ಮಾಡಿದ ಗಾಯವನ್ನು ಅಲ್ಲಿಯೇ, ಆಗಲೇ ಗುಣಪಡಿಸಿದರು. ಪೇತ್ರನನ್ನೂ ತೊರೆಯಲಿಲ್ಲ.

ಪಾಸ್ಖ ಹಬ್ಬ ಕಳೆದ ಮೇಲೆ ಬೆಂಗಳೂರಿನ ಶಸ್ತ್ರಚಿಕಿತ್ಸೆಯ ವರದಿಯನ್ನು ಕೈಯಲ್ಲಿ ಹಿಡಿದು ಪಟ್ಟಣದ ವೈದ್ಯರ ಬಳಿಗೆ ಹೋದೆ. ಅವರು ಅದನ್ನು ಎರಡು ಸಲ ಓದಿದರು. ಬಾಗಿಲು ಮುಂದೆ ಮಾಡಿ ಬಂದು ಕುಳಿತರು. "ನೀವು ಎರಡನೇ ಸಲ ಬಂದಾಗಲೇ ನನಗೆ ಅನುಮಾನ ಬಂದಿತ್ತು, ಮೇಷ್ಟ್ರೇ. ಹೇಳಲು ಧೈರ್ಯ ಬರಲಿಲ್ಲ" ಎಂದರು. ನಾನು ನನ್ನ ಬೀರುವಿನ ಕಥೆಯನ್ನು ಅವರಿಗೆ ಹೇಳಿದೆ. ಪರಿಹಾರ ಬೇಡ, ಆದರೆ ಇನ್ನು ಮುಂದೆ ಹೀಗಾದರೆ ಅದೇ ವಾರ ರೋಗಿಗೆ ತಿಳಿಸಿ ಕಳುಹಿಸಿಕೊಡಬೇಕು ಎಂದು ಕೇಳಿಕೊಂಡೆ. ಅವರು ತಲೆ ತಗ್ಗಿಸಿದರು. ನಾನು ಅಷ್ಟು ದಿನ ನೋಡಬಯಸಿದ್ದ ದೃಶ್ಯವೇ ಅದು. ನೋಡಿದಾಗ ನನಗೆ ಸಂತೋಷವಾಗಲಿಲ್ಲ. ನನ್ನನ್ನೇ ಅಲ್ಲಿ ಕಂಡಂತಾಯಿತು.

ಜುಲೈ ತಿಂಗಳ ಒಂದು ಸಂಜೆ, ಶಸ್ತ್ರಚಿಕಿತ್ಸೆಯಾದ ಆರನೆಯ ತಿಂಗಳಿನಲ್ಲಿ, ಎಂದಿನಂತೆ ವ್ಯಾಯಾಮ ಮಾಡುತ್ತಿದ್ದಾಗ ಹಿಂದೆ ನಿಂತಿದ್ದ ಪತ್ನಿ, "ರೀ, ಅಲುಗಿತು!" ಎಂದು ಕೂಗಿದಳು. ಮತ್ತೆ ಮಾಡಿದೆ, ಮತ್ತೆ ಅಲುಗಿತು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಕೈ ಹೆಗಲಿನ ಮಟ್ಟವನ್ನು ದಾಟಿ ಮೇಲೇರಿತು, ನೋವು ಬಹುಪಾಲು ಇಳಿಯಿತು. ಉಳಿದ ಒಂದು ಗೇಣು ಮಾತ್ರ ಮರಳಿ ಬರಲಿಲ್ಲ.

ಈಗ ನಿಮ್ಮ ಮನೆಗೆ ಬೇಕಾದ ಕೆಲವು ಮಾತುಗಳು. ಸಣ್ಣ ಜ್ವರಕ್ಕೂ "ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಎಂದು ಒತ್ತಾಯಿಸುವ ಅಭ್ಯಾಸ ನಮ್ಮಲ್ಲಿದೆ. ಪೃಷ್ಠದಲ್ಲಿ ಜಾಗ ತಪ್ಪಿ ಕೊಟ್ಟ ಇಂಜೆಕ್ಷನ್ ಕಾಲಿನ ದೊಡ್ಡ ನರಕ್ಕೆ ಪೆಟ್ಟು ಕೊಡಬಲ್ಲದು. ಮೈಯಲ್ಲಿ ಮಾಂಸ ಕಡಿಮೆಯಿರುವ ಮಕ್ಕಳಿಗೂ ಕೃಶರಾದವರಿಗೂ ಈ ಅಪಾಯ ಹೆಚ್ಚು. ಅಲ್ಲಿ ಕೊಡಲೇಬೇಕಾದರೆ ಮೇಲ್ಭಾಗದ ಹೊರ ಮೂಲೆಯಲ್ಲಿ ಕೊಡಬೇಕು, ಹಸುಗೂಸುಗಳಿಗೆ ತೊಡೆಯ ಮುಂಭಾಗದ ಹೊರಬದಿಯಲ್ಲಿ. ಚುಚ್ಚಿದೊಡನೆ ಕಾಲಿನುದ್ದಕ್ಕೂ ಮಿಂಚು ಹರಿದಂತಾದರೆ, ಮಗು ನಡೆಯುವಾಗ ಪಾದ ಜೋತುಬಿದ್ದು ಬೆರಳು ನೆಲಕ್ಕೆ ತಾಗಿದರೆ, ಬಿಗಿಯಾದ ಪ್ಲಾಸ್ಟರಿನೊಳಗೆ ಬೆರಳುಗಳು ಮರಗಟ್ಟಿದರೆ, ಯಾವುದೇ ಶಸ್ತ್ರಚಿಕಿತ್ಸೆಯ ನಂತರ ಕೈ ಕಾಲು ಮಾತು ಕೇಳದಿದ್ದರೆ, ಸುಮ್ಮನಿರಬೇಡಿ. ಗೌರವದಿಂದಲೇ ಕೇಳಿ: "ಡಾಕ್ಟರೇ, ನರಕ್ಕೇನಾದರೂ ಪೆಟ್ಟಾಗಿದೆಯೇ? ಇ.ಎಂ.ಜಿ. ಪರೀಕ್ಷೆ ಯಾವಾಗ ಮಾಡಿಸಬೇಕು?" ಪೆಟ್ಟಾದ ಮೂರು ನಾಲ್ಕು ವಾರಗಳಲ್ಲಿ ಆ ಪರೀಕ್ಷೆ ಸ್ಪಷ್ಟ ಉತ್ತರ ಕೊಡತೊಡಗುತ್ತದೆ. ಚಿಕಿತ್ಸೆಯ ಕಾಗದಗಳನ್ನು ಜೋಪಾನ ಮಾಡಿ, ತಾರೀಖುಗಳನ್ನು ಬರೆದಿಡಿ.

ತಡವಾಯಿತೆಂದು ನಿರಾಶರಾಗಲೂಬೇಡಿ. 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗದಿಂದ ನರ ಸತ್ತು ಬೆರಳುಗಳು ಬಾಗಿಹೋದ ಕೈಗಳಿಗೆ ಶಕ್ತಿಯುಳ್ಳ ಬೇರೆ ಸ್ನಾಯುವಿನ ಕಂಡರವನ್ನು ತಿರುಗಿಸಿ ಜೋಡಿಸಿ, ಅವು ಮತ್ತೆ ತುತ್ತು ಹಿಡಿಯುವಂತೆ ಮಾಡಿದರು. ನರ ಮರಳಿ ಬಾರದ ಪಾದಕ್ಕೂ ಹೆಗಲಿಗೂ ಇಂದು ಅಂತಹ ಚಿಕಿತ್ಸೆಗಳಿವೆ. ಸತ್ತುದರ ಕೆಲಸವನ್ನು ಬದುಕಿರುವುದು ಕಲಿತು ಮಾಡುತ್ತದೆ.

2021ರ ಮಳೆಗಾಲದಲ್ಲಿ ಪಟ್ಟಣದ ಆ ವೈದ್ಯರೇ ನನಗೆ ಫೋನ್ ಮಾಡಿದರು. "ಮೇಷ್ಟ್ರೇ, ನಿಮ್ಮ ಬೆಂಗಳೂರಿನ ಡಾಕ್ಟರ ನಂಬರ್ ಕೊಡಿ. ಒಂದು ಮಗು ಬಂದಿದೆ. ಎಲ್ಲೋ ಇಂಜೆಕ್ಷನ್ ಕೊಟ್ಟ ಮೇಲೆ ಪಾದ ಬಿದ್ದಿದೆ" ಎಂದರು. "ಎಷ್ಟು ದಿನವಾಯಿತು?" ಎಂದು ಕೇಳಿದೆ. "ಹನ್ನೆರಡು ದಿನ. ಅಪ್ಪ ಅಮ್ಮನಿಗೆ ಎಲ್ಲಾ ಬಿಡಿಸಿ ಹೇಳಿದ್ದೇನೆ" ಎಂದರು. ಆ ಮಗುವಿನ ನರ ತುಂಡಾಗಿರಲಿಲ್ಲ. ಪಾದಕ್ಕೆ ಪಟ್ಟಿ ಕಟ್ಟಿ, ವ್ಯಾಯಾಮ ಮಾಡಿಸಿ, ತಿಂಗಳು ತಿಂಗಳೂ ಪರೀಕ್ಷಿಸುತ್ತಾ ಕಾದರು. ಈಗ ಅದು ಶಾಲೆಗೆ ಓಡುತ್ತದೆಂದು ಕೇಳಿದ್ದೇನೆ.

ಕೈ ತಪ್ಪುವುದು ಮನುಷ್ಯರ ಪಾಡು. ವೈದ್ಯರ ಕೈ ತಪ್ಪುತ್ತದೆ, ಮೇಷ್ಟರ ಕೈಯೂ ತಪ್ಪುತ್ತದೆ, ತಂದೆತಾಯಿಯರ ಕೈಯೂ ತಪ್ಪುತ್ತದೆ. ನಿಮ್ಮ ಬೀರುವಿನಲ್ಲಿ ಮುಚ್ಚಿಟ್ಟ ಕಾಗದ ಯಾವುದಾದರೂ ಇದ್ದರೆ, ಪ್ರಿಯ ಓದುಗರೇ, ದಯವಿಟ್ಟು ಇಂದೇ ಹೊರತೆಗೆಯಿರಿ. ಗಾಯವಾದವರಿಗೆ ಕಾಲಾವಕಾಶ ಕಡಿಮೆ. ಭಾನುವಾರ ನಿಮ್ಮ ಎರಡೂ ಕೈಗಳು ಸಮನಾಗಿ ಮೇಲೇರಿದಾಗ, ಏರದ ಕೈಗಳನ್ನೂ ಒಂದಿಷ್ಟು ನೆನೆಯಿರಿ. ನಮ್ಮ ತಪ್ಪುಗಳನ್ನು ಮನ್ನಿಸೆಂದು ನಾವು ತಂದೆಯನ್ನು ಕೇಳುವುದು ಆ ಪ್ರಾರ್ಥನೆಯಲ್ಲಿಯೇ ಅಲ್ಲವೇ?